ಬ್ರೆಡ್ಡಿನ ನೀರು

ಗಾಜಿಗೆ ಗಾಜು ತಾಗಿದ ಸಣ್ಣ ಸದ್ದು. ನಡುರಾತ್ರಿ ಹಸ್ನಾಳಿಗೆ ಎಚ್ಚರವಾದದ್ದು ಅದರಿಂದ. ಪಕ್ಕದಲ್ಲಿ ಶಂಸುದ್ದೀನ್ ಗೊರಕೆ ಹೊಡೆಯುತ್ತಿದ್ದ. ಹೊಲದ ಕಡೆಯಿಂದ ಪಂಪಿನ ಗುಂಯ್ ಎಂಬ ಸದ್ದು ಎಂದಿನಂತೆಯೇ ಇತ್ತು. ಗಾಜಿನ ಸದ್ದು ಬಂದದ್ದು ಅಂಗಳದಾಚೆಯ ಗೆಸ್ಟ್‌ಹೌಸಿನಿಂದ. ಮುದುಕರು ನೀರು ಕುಡಿಯಲು ಎದ್ದಿರಬೇಕು ಎಂದುಕೊಂಡು ಮಗ್ಗುಲಾದಳು. ನಿದ್ದೆ ಮಾತ್ರ ಹತ್ತಿರ ಸುಳಿಯಲಿಲ್ಲ.

ಅರಬರ ನಾಡಿನ ಹಾಯಿಲ್ ಊರಿನ ಹೊರಗಿನ ಆ ಆಲೂಗಡ್ಡೆ ಫಾರ್ಮಿಗೆ ಶಂಸುದ್ದೀನ್ ಸೂಪರ್‌ವೈಸರ್. ಗೆಸ್ಟ್‌ಹೌಸಿನ ಜವಾಬ್ದಾರಿಯೂ ಅವನ ತಲೆಯ ಮೇಲೆಯೇ. ಅಲ್ಲಿ ಏನು ಹೆಚ್ಚುಕಡಿಮೆಯಾದರೂ ಫಾರ್ಮಿನ ಒಡೆಯ, ಅವನ ವೀಸಾಕ್ಕೆ ಹೊಣೆಯಾದ ಕಫೀಲ್ ಕೇಳುವುದು ಅವನನ್ನು. ಅಲ್ಲಿ ಇಳಿದುಕೊಂಡಿದ್ದವರು ವಿದ್ಮಾಂತಸ್, ಕಫೀಲನ ಪಾಲುದಾರ, ಲಿಥುವೇನಿಯಾದವರು. ಚಳಿಗಾಲ ಕಳೆಯಲು ಬಂದವರು ಬೇಸಿಗೆ ಹತ್ತಿರ ಬಂದರೂ ಹಿಂತಿರುಗುವ ಮಾತೆತ್ತಿರಲಿಲ್ಲ.

ಪ್ರತಿ ಶುಕ್ರವಾರ ಬೆಳಿಗ್ಗೆ ಹಸ್ನಾ ಅಕ್ಕಿಹಿಟ್ಟು ಹುದುಗಿಸಿ ಅಪ್ಪ ಮಾಡುತ್ತಿದ್ದಳು. ಅವರೂ ಮೇಜಿಗೆ ಬಂದು ಕೂರುತ್ತಿದ್ದರು. ಹಾಗೆ ತಿನ್ನುತ್ತ ತಿನ್ನುತ್ತ ತಮ್ಮ ಬದುಕನ್ನೆಲ್ಲ ಹೇಳಿಬಿಟ್ಟಿದ್ದರು. ತಂದೆ ಸರಕಾರಿ ಸಾಮೂಹಿಕ ಬೇಸಾಯದಲ್ಲಿ ಟ್ರ್ಯಾಕ್ಟರ್ ಓಡಿಸುತ್ತಿದ್ದವರು. ದೇಶ ಸ್ವತಂತ್ರವಾಗಿ ಆ ಬೇಸಾಯ ಒಡೆದು ಚೂರಾದಾಗ ಜನರಿಗೆ ತಮ್ಮ ಪಾಲಿನ ನೆಲ ಏನು ಮಾಡಬೇಕೆಂದು ತಿಳಿಯಲಿಲ್ಲ. ಇವರಿಗೆ ತಿಳಿದಿತ್ತು.

"ಒಂದು ಬಾಟ್ಲಿ ವೋಡ್ಕಾ ಕೊಟ್ಟರೆ ಒಂದು ಹೊಲ," ಎಂದಿದ್ದರು ವಿದ್ಮಾಂತಸ್, ಅಪ್ಪದ ಅಂಚು ಮುರಿಯುತ್ತ. "ನನ್ನ ತಮ್ಮನೂ ಹಾಗೇ ಮಾರಿದ. ಕೊಂಡವನು ನಾನೇ."

ಗೊಬ್ಬರ, ಗೋಧಿ, ಬಿತ್ತನೆ ಆಲೂಗಡ್ಡೆ ಎಂದು ವ್ಯಾಪಾರ ಬೆಳೆದು ಅರಬರ ಮರುಭೂಮಿಯವರೆಗೂ ಬಂತು. ತಮ್ಮ ಮಾತ್ರ ಒಂದು ರಾತ್ರಿ, ತಾನೇ ಮಾರಿದ ಹೊಲದಲ್ಲಿ, ಕುಡಿದು ಬಿದ್ದು ಹಿಮದಲ್ಲಿ ಸತ್ತ. ಆಮೇಲೆ ವಿದ್ಮಾಂತಸ್ ಇನ್ನು ಕುಡಿಯುವುದಿಲ್ಲ ಎಂದು ಚರ್ಚಿನಲ್ಲಿ ಆಣೆ ಮಾಡಿ, ಹಳ್ಳಿಯ ಹೆಂಗಸರನ್ನು ಕೂಡಿಸಿ ಪಕ್ಷ ಕಟ್ಟಿದರು. ಹಳ್ಳಿಗಳಲ್ಲಿ ಸಾರಾಯಿ ಮಾರಬಾರದು ಎಂಬುದೊಂದೇ ಅವರ ಮಾತು. ಪಾರ್ಲಿಮೆಂಟಿಗೆ ಹೋದರು, ಮಂತ್ರಿಯೂ ಆದರು. ಕಳೆದ ಚುನಾವಣೆಯಲ್ಲಿ ಅವರದೇ ಊರು ಅವರನ್ನು ಸೋಲಿಸಿತು. ಪಕ್ಷದವರು ಅವರ ಕುರ್ಚಿಯಲ್ಲಿ ಬೇರೊಬ್ಬನನ್ನು ಕೂರಿಸಿದರು.

"ನೀವಿರುವ ಈ ದೇಶ ಒಳ್ಳೆಯದು," ಎಂದಿದ್ದರು. "ಬೇಕೆಂದರೂ ಸಾರಾಯಿ ಸಿಗುವುದಿಲ್ಲ."

ಅದನ್ನು ಹೊಗಳಿಕೆ ಎಂದುಕೊಂಡು ಶಂಸುದ್ದೀನ್ ನಕ್ಕಿದ್ದ. ಹಸ್ನಾಳೂ ನಕ್ಕಿದ್ದಳು. ಬೇಕೆನ್ನಿಸುವುದು ಯಾರಿಗೆ ಎಂದು ಇಬ್ಬರಿಗೂ ಕೇಳಬೇಕೆನಿಸಲಿಲ್ಲ.

ಸ್ವಲ್ಪ ದಿನ ಕಳೆದು ಅವರು ಒಣಗಿದ ಬ್ರೆಡ್ಡು, ಸಕ್ಕರೆ, ಯೀಸ್ಟು ಕೇಳಿದರು. ಅವರ ತಾಯಿ ಬೇಸಿಗೆಯಲ್ಲಿ ಮಕ್ಕಳಿಗೆ ಮಾಡಿಕೊಡುತ್ತಿದ್ದ ಹುಳಿಸಿಹಿ ಪಾನೀಯವಂತೆ, ಬ್ರೆಡ್ಡು ನೆನೆಸಿದ ನೀರಂತೆ. ಮನೆ ಬಿಟ್ಟು ಬಂದ ಮುದುಕ ತಾಯಿಯ ಕೈರುಚಿ ಬಯಸಿದರೆ ಯಾರು ಇಲ್ಲವೆಂದಾರು? ವಾರವಾರವೂ ಅವಳೇ ಕೊಂಡೊಯ್ದು ಕೊಟ್ಟಳು. ಕೇಳಿದ್ದಕ್ಕಿಂತ ಒಂದು ಹಿಡಿ ಹೆಚ್ಚೇ ಕೊಟ್ಟಳು. ಆಲೂಗಡ್ಡೆ ಬೇಯಿಸಲೆಂದು ಕೇಳಿದಾಗ ತನ್ನ ಹಳೆಯ ಪ್ರೆಶರ್ ಕುಕ್ಕರನ್ನೂ ಕೊಟ್ಟಳು. ಗೆಸ್ಟ್‌ಹೌಸಿನ ಒಳಗೆ ಹುಳಿವಾಸನೆ ತುಂಬಿರುತ್ತಿತ್ತು. ಅಪ್ಪಕ್ಕೆ ಊರಲ್ಲಿ ಬೇರೆಯವರು ಕಳ್ಳು ಹಾಕುತ್ತಾರೆ. ಉಳ್ಳಾಲದ ಅವಳ ಮನೆಯಲ್ಲಿ ಅಜ್ಜಿಯ ಕಾಲದಿಂದಲೂ ಯೀಸ್ಟು. ಆ ವಾಸನೆ ಎಂದರೆ ಅವಳಿಗೆ ಶುಕ್ರವಾರದ ಬೆಳಗು. ಬೇರೆ ಯಾವ ಹೆಂಗಸಾದರೂ ಮೂಗು ಮುಚ್ಚಿಕೊಂಡು ಗಂಡನಿಗೆ ಹೇಳುತ್ತಿದ್ದಳೇನೋ. ಇವಳಿಗೆ ಹಸಿವಾಗುತ್ತಿತ್ತು.

ಗಾಜಿನ ಸದ್ದು ಕೇಳಿದ ರಾತ್ರಿ ಕಳೆದ ಆ ಬೆಳಿಗ್ಗೆಯೂ ಶುಕ್ರವಾರವೇ. ಶಂಸುದ್ದೀನ್ ಕೋಲ್ಡ್ ಸ್ಟೋರೇಜಿಗೆ ಹೋಗಿದ್ದ. ಎಷ್ಟು ಹೊತ್ತಾದರೂ ಮುದುಕರು ಬಾರದ್ದನ್ನು ಕಂಡು ಹಸ್ನಾ ಅಪ್ಪದ ತಟ್ಟೆ ಹಿಡಿದು ಅಂಗಳ ದಾಟಿದಳು. ಬಾಗಿಲು ಓರೆಯಾಗಿತ್ತು. ವಿದ್ಮಾಂತಸ್ ನೆಲದ ಮೇಲೆ ಬಿದ್ದಿದ್ದರು, ಮುಖ ಬೂದಿಬಣ್ಣಕ್ಕೆ ತಿರುಗಿತ್ತು. ಉಸಿರು ಎಳೆದೆಳೆದು ಬರುತ್ತಿತ್ತು. ಹಿಂದಿನ ಉಗ್ರಾಣದ ಬಾಗಿಲೂ ತೆರೆದಿತ್ತು. ಸಾಲಾಗಿ ಗಾಜಿನ ಜಾಡಿಗಳು. ಒಲೆಯ ಮೇಲೆ ಅವಳ ಕುಕ್ಕರು. ಅದರ ಮೂತಿಗೆ ಸಿಕ್ಕಿಸಿದ ತಾಮ್ರದ ಕೊಳವೆ ಸುರುಳಿಯಾಗಿ ಬಕೆಟ್ಟಿನೊಳಗೆ ಇಳಿದಿತ್ತು. ಹಸ್ನಾ ಕೆಮಿಸ್ಟ್ರಿ ಓದಿದವಳು. ಅದು ಸಾರಾಯಿ ಭಟ್ಟಿ ಎಂದು ಯಾರೂ ವಿವರಿಸಬೇಕಾಗಿರಲಿಲ್ಲ.

ಫೋನು ಕೈಯಲ್ಲೇ ಇತ್ತು. ಆಂಬುಲೆನ್ಸ್ ಬಂದರೆ ಅದರ ಹಿಂದೆ ಪೊಲೀಸರು ಬರಬಹುದು. ಬಂದರೆ ಮೊದಲು ಕೇಳುವುದು ಮನೆ ಯಾರ ವಶದಲ್ಲಿದೆ ಎಂದು. ಈ ದೇಶದಲ್ಲಿ ಸಾರಾಯಿ ಇಟ್ಟುಕೊಳ್ಳುವುದೇ ಅಪರಾಧ. ಶಂಸುದ್ದೀನ್ ಜೈಲಿಗೆ. ಆಮೇಲೆ ಕುಕ್ಕರು ಯಾರದು, ಯೀಸ್ಟು ತಂದುಕೊಟ್ಟವರು ಯಾರು.

ಅವಳು ಫೋನನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಳು.

ಒಂದೊಂದೇ ಜಾಡಿ ತಂದು ಬಚ್ಚಲಿಗೆ ಚೆಲ್ಲಿದಳು. ಪ್ರತಿ ಸಲವೂ ಅವರನ್ನು ದಾಟಿಕೊಂಡೇ ಹೋಗಬೇಕು. ವಿದ್ಮಾಂತಸ್ ಕಣ್ಣು ತೆರೆದರು. ಆ ಕಣ್ಣು ಅವಳ ಮುಖ ನೋಡಲಿಲ್ಲ. ಜಾಡಿಯ ಹಿಂದೆಯೇ ಬಚ್ಚಲಿನವರೆಗೂ ಹೋಯಿತು, ಮತ್ತೆ ಬಂದು ಮುಂದಿನ ಜಾಡಿಗೆ ಕಾದಿತು. ಹಸ್ನಾ ವಾಸನೆ ಹೋಗಲು ಕ್ಲೋರಾಕ್ಸ್ ಬ್ಲೀಚು ಸುರಿದಳು, ಕಿಟಕಿ ತೆರೆದಳು, ಒದ್ದೆ ಟವೆಲಿನಿಂದ ಅವರ ಬಾಯಿ ಒರೆಸಿದಳು. ಕುಕ್ಕರು, ಕೊಳವೆ ಎಲ್ಲ ದುಪಟ್ಟಾದಲ್ಲಿ ಸುತ್ತಿ ತನ್ನ ಅಡುಗೆಮನೆಗೆ ಸಾಗಿಸಿದಳು. ಆಮೇಲೆ ಫೋನ್ ಮಾಡಿದಳು. ಅಷ್ಟರಲ್ಲಿ ಅಪ್ಪ ತಣ್ಣಗಾಗಿ ಚರ್ಮದಂತೆ ಬಿಗಿದಿತ್ತು.

ಆಸ್ಪತ್ರೆಯಲ್ಲಿ ಸಂಜೆಗೆ ಅವರು ತೀರಿಕೊಂಡರು. ಹೃದಯಾಘಾತ ಎಂದರು. ಬೇರೇನಾದರೂ ಗೊತ್ತಾಯಿತೋ ಏನೋ. ಕಫೀಲ್ ಬಂದು ಡಾಕ್ಟರ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಾತಾಡಿ ಹೋದ. ಶವ ವಿಮಾನ ಹತ್ತಿತು.

"ಸ್ವಲ್ಪ ಮೊದಲು ತಂದಿದ್ದರೆ ಉಳಿಯುತ್ತಿದ್ರೋ ಏನೋ ಅಂತ ಡಾಕ್ಟರು ಹೇಳಿದ್ರು," ಎಂದ ಶಂಸುದ್ದೀನ್ ಮನೆಗೆ ಬಂದು. "ನಾವು ಎಂತ ಮಾಡುವುದು ಮಾರಾಯ್ತಿ. ನೀನು ನೋಡಿದ ಕೂಡ್ಲೇ ಫೋನ್ ಮಾಡಿದ್ದಿಯಲ್ಲ?"

"ಹೌದು," ಎಂದಳು ಹಸ್ನಾ.

ಮುಂದಿನ ವಾರ ಅವನು ಮೊಬೈಲಿನಲ್ಲಿ ಅಲ್ಲಿಯ ಶವಯಾತ್ರೆ ತೋರಿಸಿದ. ಸೋಲಿಸಿದ ಊರೇ ಮೆರವಣಿಗೆಯಲ್ಲಿತ್ತು. ಕುರ್ಚಿ ಕಿತ್ತುಕೊಂಡವರು ಪೆಟ್ಟಿಗೆಗೆ ಹೆಗಲು ಕೊಟ್ಟಿದ್ದರು. ಮುದುಕಿಯರು ಮೋಂಬತ್ತಿ ಹಿಡಿದು ಅಳುತ್ತಿದ್ದರು. ಕೆಳಗೆ ಇಂಗ್ಲಿಷಿನಲ್ಲಿ ಬರೆದದ್ದನ್ನು ಶಂಸುದ್ದೀನ್ ಓದಿ ಹೇಳಿದ: ಆಣೆ ಮಾಡಿದ ಮೇಲೆ ಇವರು ಒಂದು ಹನಿಯನ್ನೂ ತುಟಿಗೆ ತಾಗಿಸಿದವರಲ್ಲ.

"ಅಂಥ ಮನುಷ್ಯ ನಮ್ಮ ಮೇಜಿನಲ್ಲಿ ಕೂತು ಉಂಡದ್ದು," ಎಂದ. ಆಮೇಲೆ ತಟ್ಟೆ ನೋಡಿ, "ಇವತ್ತು ಅಪ್ಪ ಇಲ್ವಾ?"

"ಯೀಸ್ಟು ಮುಗಿದಿದೆ."

ಯೀಸ್ಟಿನ ಡಬ್ಬ ಅರ್ಧ ತುಂಬಿಕೊಂಡು ಅವಳ ಬೆನ್ನ ಹಿಂದೆಯೇ ಇತ್ತು. ಕೆಳಗಿನ ಕಪಾಟಿನಲ್ಲಿ ಕುಕ್ಕರು. ಗಂಡನಿಗೆ ಹೇಳಿದರೆ, ತನ್ನನ್ನು ಉಳಿಸಲು ಇವಳು ಹೀಗೆ ಮಾಡಿದಳು ಎಂದು ಅವನೂ ಅದನ್ನು ಹೊರಬೇಕು. ಉಳ್ಳಾಲಕ್ಕೆ ಫೋನ್ ಮಾಡಿ ತಾಯಿಗೆ ಹೇಳಿದರೆ ಅವರು ಅಳುತ್ತಾರೆ, ಅಷ್ಟೇ. ಆ ಮುದುಕಿಯರಿಗೆ ಉಳಿದಿರುವುದು ಮೋಂಬತ್ತಿಯೊಂದೇ, ಹೇಳಿದರೆ ಅದೂ ಆರುತ್ತದೆ. ದೇವರಿಗೆ ಹೇಳಬೇಕಾದ್ದಿಲ್ಲ, ಅವನು ನೋಡಿದ್ದಾನೆ. ಹಸ್ನಾ ಮೊಬೈಲನ್ನು ಗಂಡನ ಕೈಗೆ ಹಿಂತಿರುಗಿಸಿ, ಯಾರಿಗೂ ಹೇಳುವುದಿಲ್ಲ ಎಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡು, ಚಹಾಕ್ಕೆ ನೀರಿಟ್ಟಳು.