ಗಾಜಿನ ಹಂಚಿಗೆ ಬಳಿದ ಡಾಮರು

ನಾನು ಒಂದು ಗಾಜಿನ ಹಂಚು. ಮಣ್ಣಿನ ಹಂಚಿನದೇ ಆಕಾರ, ಅದೇ ಅಳತೆ. ಆದರೆ ನನ್ನನ್ನು ಕಾದ ಗಾಜನ್ನು ಅಚ್ಚಿಗೆ ಒತ್ತಿ ಮಾಡಿದರು. ಮಳೆಯನ್ನು ಹೊರಗಿಡುವುದು, ಬೆಳಕನ್ನು ಒಳಗೆ ಬಿಡುವುದು, ಇಷ್ಟೇ ನನ್ನ ಕೆಲಸ. ಅದರಲ್ಲಿ ಒಂದು ದಿನವೂ ತಪ್ಪಿದ್ದಿಲ್ಲ. ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನನ್ನ ತಲೆಗೆ ಕಟ್ಟಿದ ಅಪವಾದ ನೆನೆದರೆ ಈಗಲೂ ಮೈ ಉರಿಯುತ್ತದೆ.

ಅಂಗಡಿಯ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ನನ್ನನ್ನು ಕೊಂಡವಳು ವಾರಿಜ. ಉಳ್ಳಾಲದ ಕಡೆಯವಳು, ಬೀಡಿ ಕಟ್ಟುವವಳು. ಅವಳ ಎಡಗಣ್ಣು ಆಗಲೇ ಮಂಜು. ಮಳೆಗಾಲದಲ್ಲಿ ಕರೆಂಟು ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಬೆಳಕಿಲ್ಲದಿದ್ದರೆ ನೂಲು ಕಾಣದು, ಕಟ್ಟು ಸಡಿಲವಾಗುತ್ತದೆ, ಸಡಿಲ ಬೀಡಿಯನ್ನು ಕಂಪೆನಿಯ ಬ್ರಾಂಚಿನವರು ಮುಖ ನೋಡದೆ ಎಸೆಯುತ್ತಾರೆ. ಅದಕ್ಕೇ ನನ್ನನ್ನು ಮನೆಯ ಹಂಚಿನ ಮಾಡಿಗೆ ಏರಿಸಿದಳು. ನನ್ನ ಬೆಳಕು ಬೀಳುವಲ್ಲಿ ಎಲೆ, ಹೊಗೆಸೊಪ್ಪು ತುಂಬಿದ ಗೆರಸೆ ಇಟ್ಟುಕೊಂಡು ಕೂತಳು. ಮೇಲಿನಿಂದ ನನಗೆ ಕಾಣುತ್ತಿದ್ದದ್ದು ಅವಳ ಬೈತಲೆ ಮತ್ತು ಓಡುವ ಬೆರಳುಗಳು. ನನಗೆ ಅವು ಬಹಳ ಪ್ರೀತಿಯವು.

ಒಂದು ಆಟಿ ತಿಂಗಳ ಜಡಿಮಳೆಯಲ್ಲಿ ಸೋರಿಕೆ ಶುರುವಾಯಿತು. ಹನಿ ಬಿದ್ದದ್ದು ನನ್ನ ಕೆಳಗೇ, ಸರಿಯಾಗಿ ಗೆರಸೆಗೆ. ಹೊಗೆಸೊಪ್ಪು ಒದ್ದೆ, ಎಲೆ ಒದ್ದೆ.

ಅವರದು ಅಳಿಯಕಟ್ಟಿನ ಮನೆ. ಮನೆ ಹೆಣ್ಣಿನದು, ಆದರೆ ಮಾತು ಅಣ್ಣನದು. ಅಣ್ಣ ಸೇಸಪ್ಪ ಬಂದರು. ಏಣಿ ಹತ್ತಲಿಲ್ಲ, ಹಂಚಿನಡಿಯ ಪಕ್ಕಾಸು ಮುಟ್ಟಿ ನೋಡಲಿಲ್ಲ. ಅಂಗಳದಲ್ಲಿ ಕೊಡೆ ಹಿಡಿದು ನಿಂತು ತೀರ್ಪು ಕೊಟ್ಟರು.

"ಗಾಜು ಇಟ್ಟಲ್ಲಿ ಸೋರದೆ ಮತ್ತೆಂತ ಆಗ್ತದೆ? ಡಾಮರು ಬಳಿಸು."

ಅಯ್ಯೋ ಮಹಾರಾಯ! ಹನಿ ಬಿದ್ದಲ್ಲೇ ತೂತು ಇರುತ್ತದೆಂದು ಯಾರು ಹೇಳಿದರು? ನೀರು ಎಲ್ಲೋ ಹೊಕ್ಕು, ಮಾಡು ಹೊತ್ತ ಮರದ ಪಕ್ಕಾಸಿನ ಮೇಲೆ ಕಳ್ಳನಂತೆ ಜಾರಿ, ಗಂಟು ಸಿಕ್ಕಲ್ಲಿ ತೊಟ್ಟಿಕ್ಕುತ್ತದೆ. ಆ ಗಂಟು ನನ್ನ ಪಕ್ಕದಲ್ಲಿತ್ತು, ಅದೇ ನನ್ನ ಗ್ರಹಚಾರ. ವಾರಿಜ ಬೇಡ ಬೇಡವೆಂದಳು. ಆದರೆ ಅಣ್ಣನ ಮಾತು ಮೀರುವ ರೂಢಿ ಆ ಮನೆಯಲ್ಲಿರಲಿಲ್ಲ. ಮಳೆ ಬಿಟ್ಟ ಹೊತ್ತು ನೋಡಿ ಆಳು ಬಂದು ನನ್ನ ಮುಖಕ್ಕೆ ಕಪ್ಪು ಬಳಿದುಹೋದ. ಗಾಜಾಗಿ ಹುಟ್ಟಿ ಕುರುಡಾದ ಸಿಟ್ಟು ಯಾರ ಹತ್ತಿರ ಹೇಳಲಿ?

ಮರುದಿನ ಮತ್ತೆ ಮಳೆ, ಮತ್ತೆ ಹನಿ. ವಾರಿಜ ಕತ್ತಲಲ್ಲಿ ನೂಲು ತಡಕುತ್ತ ಕೂತಳು. ಬೀಡಿ ಕಟ್ಟಲಾಗದೆ ಗೆರಸೆಯನ್ನು ಕುಕ್ಕಿ, ತಲೆಯೆತ್ತಿ ಮಾಡಿನ ಕಡೆ ನೋಡಿದಳು. ಕರಿಗತ್ತಲೆಯ ನಡುವೆ, ಮಾಡಿನ ನೆತ್ತಿಯಲ್ಲಿ, ಎಳ್ಳಿನಷ್ಟು ಬೆಳಕು ಮಿಣುಕುತ್ತಿತ್ತು. ತೆಂಗಿನಕಾಯಿ ಬಿದ್ದು ಅಲ್ಲಿನ ಹಂಚಿನ ಮೂಲೆ ಹಾರಿಹೋಗಿತ್ತು. ನನ್ನ ಬೆಳಕು ತುಂಬಿದ್ದಾಗ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಮಳೆ ನಿಂತದ್ದೇ ತಡ, ನೆರೆಮನೆಯ ಸಿಸಿಲಿ ಬಾಯಿ ಏಣಿ ಹಿಡಿದರು, ವಾರಿಜ ಸೆರಗು ಬಿಗಿದು ಹತ್ತಿದಳು. ಒಡೆದ ಹಂಚು ಕಿತ್ತು ಬೇರೆಯದನ್ನು ಸಿಮೆಂಟಿನಲ್ಲಿ ಕೂರಿಸಿದಳು. ಇಳಿಯುವಾಗ ನನ್ನ ಹತ್ತಿರ ಕೂತು, ಸೀಮೆಎಣ್ಣೆ ಹಾಕಿ, ಎಲೆ ಕತ್ತರಿಸುವ ಹಳೆಯ ಕತ್ತರಿಯಿಂದ ಡಾಮರು ಕೆರೆದಳು. ಪೂರ್ತಿ ಹೋಗಲಿಲ್ಲ. ಮೈಯೆಲ್ಲ ಗೀರು. ಆದರೂ ಗೆರಸೆಯಗಲ ಬೆಳಕು ಕೆಳಗಿಳಿಯಿತು. ಆಮೇಲಿನ ಮಳೆಗೆ ಒಂದು ಹನಿಯೂ ಬೀಳಲಿಲ್ಲ.

ಆಟಿ ಕಳೆದು ಸೋಣ ತಿಂಗಳಲ್ಲಿ ಸೇಸಪ್ಪ ಮತ್ತೆ ಬಂದರು. ಕುರ್ಚಿ ಎಳೆದು ನನ್ನ ಬೆಳಕಿನ ನಡುವೆಯೇ ಕೂತರು. ಚಾ ಕುಡಿದರು. "ಸೋರುವುದು ನಿಂತಿತಲ್ಲ, ನಾನು ಹೇಳಿದ್ದು ಸುಳ್ಳಾಯಿತಾ?" ಎಂದು ಮೀಸೆ ಸವರಿದರು. ನನಗೆ ಅವರ ತಲೆಯ ಮೇಲೆಯೇ ಬೀಳೋಣವೆನಿಸಿತು.

ವಾರಿಜ ಕಟ್ಟುತ್ತಿದ್ದ ಬೀಡಿಯನ್ನು ಕೆಳಗಿಟ್ಟಳು. ಹುಟ್ಟಿದ ಮೇಲೆ ಮೊದಲ ಬಾರಿ ಅಣ್ಣನ ಮುಖವನ್ನು ನೇರ ನೋಡಿದಳು.

"ಅಣ್ಣ, ಸ್ವಲ್ಪ ಆಚೆ ಕೂತ್ಕೊಳ್ಳಿ. ಬೆಳಕಿಗೆ ಅಡ್ಡ ಆಗ್ತದೆ."

ಈಗ ನಾನು ಮುದಿಯಾಗಿದ್ದೇನೆ. ಗೀರುಗಳಲ್ಲಿ ಪಾಚಿ ಕೂತಿದೆ, ಅಂಚಿನಲ್ಲಿ ಆ ಡಾಮರು ಇನ್ನೂ ಇದೆ. ಸಿಟ್ಟೂ ಇದೆ. ಆದರೆ ಅಂದು ಸೇಸಪ್ಪ ಕುರ್ಚಿ ಎತ್ತಿಕೊಂಡು, ಆಚೆ ಸರಿದು ಕೂತರು.