ಭಾನುವಾರದ ಕೋರ್ಟು

ವಕೀಲರಿಗೆ ಈಗ ಮೆಟ್ಟಿಲು ಅಂದರೆ ಆಗಿಬರುವುದಿಲ್ಲ. ಮೊಣಕಾಲುಗಳೆರಡೂ ಕೈಕೊಟ್ಟು ಬಹಳ ಕಾಲವಾಯಿತು. ಆದರೂ ಆ ಭಾನುವಾರ ಅಣ್ಣನ ಟೈಲರ್ ಅಂಗಡಿಯ ಮರದ ಮೆಟ್ಟಿಲನ್ನು ಅವರು ಗೊಣಗಿಕೊಂಡೇ ಹತ್ತಿದರು. ಮೆಟ್ಟಿಲು ಕಟ್ಟಿದವನ ಮೇಲೆ ಒಂದು ಆರೋಪ, ಕಟ್ಟಡ ಒಡೆಯಲು ಹೊರಟಿರುವ ಮಾಲೀಕನ ಮೇಲೆ ಒಂದು, ತಮ್ಮ ವಯಸ್ಸಿನ ಮೇಲೆ ಇನ್ನೊಂದು. ಮೇಲಿನಿಂದ ಯಾರೋ ಕೂಗಿದರು: "ಬಂದ್ರು ಬಂದ್ರು, ಆಕ್ಷೇಪಣೆ ಚಿಕ್ಕಪ್ಪ ಬಂದ್ರು!"

ಆ ಹೆಸರಿನಿಂದ ಕರೆಸಿಕೊಂಡು ಎಷ್ಟು ಕಾಲವಾಗಿತ್ತೋ. ಮುದುಕರು ಮೆಟ್ಟಿಲ ಮೇಲೇ ನಿಂತು ಎರಡು ಸಲ ಕೆಮ್ಮಿದರು.

ಒಳಗೆ ಅಣ್ಣನ ನಾಲ್ಕು ಮಕ್ಕಳೂ ಇದ್ದರು. ಅಪ್ಪನ ಕತ್ತರಿ ಹಿಡಿದ ಹಿರಿಯ ಮಗ, ನರ್ಸ್ ಆಗಿರುವ ಮಗಳು, ಗಣಿತದ ಮೇಷ್ಟರಾದ ಕಿರಿಯ ಮಗ, ಮತ್ತೆ ಎಲ್ಲರಿಗಿಂತ ಚಿಕ್ಕವಳಾದ ಗುಂಡಿ. ಹುಡುಗಿಯಾಗಿದ್ದಾಗ ಕೋಟಿನ ಗುಂಡಿಯೊಂದನ್ನು ನುಂಗಿ ಊರೆಲ್ಲ ಗಾಬರಿ ಎಬ್ಬಿಸಿದವಳು ಇವಳೇ. ಈಗ ಔಷಧಿ ಅಂಗಡಿ ನಡೆಸುತ್ತಾಳೆ, ಕೂದಲು ನರೆತಿದೆ, ಹೆಸರು ಮಾತ್ರ ಹಾಗೇ ಉಳಿದಿದೆ. ಮುಂದಿನ ವಾರ ಕಟ್ಟಡ ಒಡೆಯುತ್ತಾರೆ, ಕಡೆಯದಾಗಿ ಒಟ್ಟಿಗೆ ಊಟ ಮಾಡೋಣ ಬನ್ನಿ ಎಂದು ಫೋನ್ ಮಾಡಿದವಳೂ ಅವಳೇ.

ಬಟ್ಟೆ ಕತ್ತರಿಸುವ ಉದ್ದನೆಯ ಮೇಜು ಅಲ್ಲೇ ಇತ್ತು. ಅಂಚಿನಲ್ಲಿ ಸೀಮೆಸುಣ್ಣದ ಗೀಟುಗಳು ಮರದೊಳಗೇ ಇಳಿದುಹೋಗಿದ್ದವು. ಹೊಲಿಗೆ ಯಂತ್ರಗಳಿಗೆ ಭಾನುವಾರದ ಹೊದಿಕೆ ಹಾಕಿದ್ದರು. ವಕೀಲರು ಕಿಟಕಿಗೆ ಎದುರಾಗಿದ್ದ ತಮ್ಮ ಹಳೆಯ ಜಾಗ ಹುಡುಕಿಕೊಂಡು ಕೂತರು. ಕೂತರೆ ಹಾಯೆನಿಸಿತು. ಕಿಟಕಿಗೆ ಕೋಟಿನ ಒಳಪದರದ ಬಟ್ಟೆಯದೊಂದು ನೀಲಿ ಪರದೆ ಇಳಿಬಿಟ್ಟಿತ್ತು, ಕೋಣೆ ತಂಪಾಗಿ ಮಬ್ಬಾಗಿತ್ತು. ಜೀವಮಾನವೆಲ್ಲ ಸಾಕ್ಷ್ಯ ಹುಡುಕಿಕೊಂಡೇ ಹೊಟ್ಟೆ ಹೊರೆದ ಮನುಷ್ಯ ಅದನ್ನು ನೋಡಿದರು, ಅಷ್ಟಕ್ಕೇ ಬಿಟ್ಟರು.

ಅವರ ಕಣ್ಣು ಗೋಡೆ ಮೂಲೆಯ ಸ್ಟೂಲಿನ ಮೇಲೆ ನೆಟ್ಟಿತ್ತು. ಗಿರಾಕಿಗಳನ್ನು ನಿಲ್ಲಿಸಿ ಪ್ಯಾಂಟಿನ ಅಂಚು ಗುರುತು ಹಾಕುವ ಸ್ಟೂಲು ಅದು. ಭಾನುವಾರ ಮಾತ್ರ ಅದು ಸಾಕ್ಷಿ ಕಟ್ಟೆ.

ಆ ದಿನಗಳನ್ನು ಏನೆಂದು ಹೇಳುವುದು! ಅಣ್ಣ ಚರ್ಚಿನಿಂದ ಬಂದವನೇ ಮೇಜಿನ ಮೇಲೆ ಬೈಬಲ್ ಇಡುತ್ತಿದ್ದ. ತಮ್ಮನೋ, ಕಾನೂನು ಕಾಲೇಜಿನಲ್ಲಿ ಓದುವಾಗ ಛತ್ರಿ ಕಳೆದುಕೊಂಡ ಹಾಗೆಯೇ ದೇವರನ್ನೂ ಎಲ್ಲೋ ಬಿಟ್ಟು ಬಂದಿದ್ದ, ಹುಡುಕಲು ಹೋಗಿರಲಿಲ್ಲ. ಅಣ್ಣ ವಾದಿ, ತಮ್ಮ ಪ್ರತಿವಾದಿ, ಅತ್ತಿಗೆ ನ್ಯಾಯಾಧೀಶೆ. ಇಸ್ತ್ರಿ ಹಾಕುವಾಗ ಮಡಿಕೆ ಒತ್ತುವ ಮರದ ತುಂಡೇ ಅವಳ ಸುತ್ತಿಗೆ. ಮೊಕದ್ದಮೆ ಯಾವಾಗಲೂ ಒಂದೇ: ಈ ಪುಸ್ತಕದಲ್ಲಿರುವುದು ನಿಜ ಎನ್ನಲು ಸಾಕ್ಷ್ಯ ಉಂಟೋ ಇಲ್ಲವೋ?

ಎಲ್ಲೋ ಅಗೆದಾಗ ಹಳೆಯ ರಾಜನೊಬ್ಬನ ಹೆಸರಿದ್ದ ಕಲ್ಲು ಸಿಕ್ಕಿತೆಂದು ಪತ್ರಿಕೆಯಲ್ಲಿ ಬಂದರೆ ಸಾಕು, ಅಣ್ಣ ಅದನ್ನು ಕತ್ತರಿಸಿ ತಂದು ಮೇಜಿನ ಮೇಲೆ ಹರಡುತ್ತಿದ್ದ. "ನೋಡು, ರಾಜ ಇದ್ದ!"

"ಆಕ್ಷೇಪಣೆ. ರಾಜ ಇದ್ದ, ಒಪ್ಪಿದೆ. ಸಮುದ್ರ ಸೀಳಿತು ಅನ್ನೋದಕ್ಕೆ ಯಾವ ಕಲ್ಲು ತಂದಿದ್ದೀಯ?"

ಸತ್ತವನು ಎದ್ದುಬಂದ ಸಮಾಧಿಯ ಪ್ರಸಂಗ ಬಂದರೆ ತಮ್ಮನಿಗೆ ಹಬ್ಬವೋ ಹಬ್ಬ. "ಇದೇ ಕತೆ ಹೇಳೋ ಸುವಾರ್ತೆ ನಾಲ್ಕು. ಸಮಾಧಿ ಹತ್ರ ಹೋದ ಹೆಂಗಸರು ಒಂದರಲ್ಲಿ ಒಬ್ಬಳು, ಒಂದರಲ್ಲಿ ಇಬ್ಬರು, ಇನ್ನೊಂದರಲ್ಲಿ ಮೂವರು. ದೇವದೂತ ಒಬ್ಬನೋ ಇಬ್ಬರೋ ಅದೂ ಗೊತ್ತಿಲ್ಲ. ಇಂಥ ಸಾಕ್ಷಿಗಳನ್ನ ನಂಬಿ ಒಂದು ಕೋಳಿ ಕಳ್ಳನಿಗೂ ಶಿಕ್ಷೆ ಕೊಡಲ್ಲ ಕಣೋ!"

"ನಾಲ್ಕು ಜನ ಟೈಲರ್‌ಗಳು ನಿನ್ನ ಅಳತೆ ತೆಗೆದ್ರೆ ನಾಲ್ಕು ಅಳತೆ ಬರುತ್ತೆ. ಅದಕ್ಕೆ ನೀನೇ ಇಲ್ಲ ಅನ್ನೋಣ್ವಾ?"

"ಆಕ್ಷೇಪಣೆ! ನಾನು ಎದುರಿಗೆ ಕೂತಿದ್ದೀನಿ. ನಿನ್ನ ಗಿರಾಕೀನ ಕರಿ, ಅಳೆಯೋಣ!"

ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು. ಯಾರೂ ಗೆಲ್ಲುತ್ತಿರಲಿಲ್ಲ. ಊಟ ಆರುತ್ತದೆ ಎನ್ನುವಾಗ ಅತ್ತಿಗೆ ಮರದ ತುಂಡು ಕುಟ್ಟಿ, "ಕೇಸು ಮುಂದಿನ ವಾರಕ್ಕೆ" ಎನ್ನುತ್ತಿದ್ದಳು. ಅಷ್ಟು ವರ್ಷ ಎಳೆದರೂ ಬೇಸರ ಬಾರದ ಮೊಕದ್ದಮೆ ವಕೀಲರ ಬದುಕಿನಲ್ಲಿ ಅದೊಂದೇ.

ಆಮೇಲೆ ಅತ್ತಿಗೆ ತೀರಿಕೊಂಡಳು. ಮಣ್ಣಾದ ನಂತರದ ಮೊದಲ ಭಾನುವಾರ ಎಲ್ಲರೂ ಇದೇ ಮೇಜಿಗೆ ಕೂತರು. ನ್ಯಾಯಾಧೀಶೆಯ ಕುರ್ಚಿ ಖಾಲಿ. ಅಣ್ಣ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿದ, ಕೊನೆಗೆ ಮಕ್ಕಳಿಗೆ ಧೈರ್ಯ ಹೇಳುವಂತೆ ಅಂದ: "ನಿಮ್ಮಮ್ಮನ್ನ ಮತ್ತೆ ನೋಡೇ ನೋಡ್ತೀವಿ."

"ಆಕ್ಷೇಪಣೆ. ಸಾಕ್ಷ್ಯ ಎಲ್ಲಿದೆ?"

ಬೇಕೆಂದು ಆಡಿದ ಮಾತಲ್ಲ. ಹಿಂದಿನ ರಾತ್ರಿಯೆಲ್ಲ ಅತ್ತಿದ್ದ ಮನುಷ್ಯ ಅವರು. ಆದರೆ ಅಷ್ಟು ವರ್ಷದ ಅಭ್ಯಾಸ ನೋಡಿ, ಅಣ್ಣನ ವಾಕ್ಯ ಮುಗಿಯುತ್ತಲೇ ಬಾಯಿ ತನ್ನ ಪಾಡಿಗೆ ತಾನು ಹೇಳಿಬಿಟ್ಟಿತು. ಬ್ರೆಡ್ಡಿಗೆ ಚಾಚಿದ್ದ ಅಣ್ಣನ ಕೈ ಅಲ್ಲೇ ನಿಂತಿತು. ತಮ್ಮ ಎದ್ದು, ಚಪ್ಪಲಿ ಮೆಟ್ಟಿ, ಮೆಟ್ಟಿಲು ಇಳಿದು ಓಡಿದ. ಬೆನ್ನ ಹಿಂದೆ ಯಾರದೋ ದೊಡ್ಡ ದನಿ ಕೇಳಿಸಿತು. ಮರದ ಮೆಟ್ಟಿಲಿನ ದಡಬಡದಲ್ಲಿ ಮಾತು ತಿಳಿಯಲಿಲ್ಲ, ನಿಂತು ಕೇಳುವ ಮುಖವೂ ಇರಲಿಲ್ಲ.

ಮುಂದಿನ ವಾರ ಹೋಗಲಿಲ್ಲ. ಹೋದ ವಾರ ಹೋಗದವನು ಈ ವಾರ ಯಾವ ಮುಖ ಹೊತ್ತು ಹೋಗುವುದು? ಹೀಗೇ ವಾರಗಳು ವರ್ಷಗಳಾದವು. ವಕೀಲಿಯನ್ನು ಬೇರೆ ಊರಿಗೆ ಒಯ್ದರು. ಅಣ್ಣನೂ ಹಠದಲ್ಲಿ ಕಡಿಮೆಯವನಲ್ಲ, ಕರೆಯಲಿಲ್ಲ. ಅಣ್ಣ ಸತ್ತಾಗ ಸ್ಮಶಾನದ ಗೇಟಿನ ಹತ್ತಿರ ಹಿಂದೆ ನಿಂತಿದ್ದು ಹಾಗೇ ಮರಳಿದರು. ಅಂದಿನಿಂದ ಒಂದೇ ಪ್ರಶ್ನೆ ಅವರನ್ನು ತಿನ್ನುತ್ತಿತ್ತು. ಆ ದಿನ ಅಣ್ಣ ಬಾ ಎಂದು ಕೂಗಿದನೋ, ತೊಲಗು ಎಂದು ಕೂಗಿದನೋ? ಅಣ್ಣ ತನ್ನನ್ನು ಕ್ಷಮಿಸಿ ಸತ್ತನೋ, ಕ್ಷಮಿಸದೆ ಸತ್ತನೋ?

"ಊಟಕ್ಕೆ ಮುಂಚೆ ನಂದೊಂದು ಕೇಸಿದೆ," ಎಂದರು ವಕೀಲರು. ನಗೆಯಾಡುವಂತೆ ಶುರು ಮಾಡಿ ಸ್ಟೂಲಿನ ಕಡೆ ಕೈ ತೋರಿಸಿದರು. "ಅವತ್ತು ನಾನು ಮೆಟ್ಟಿಲಿಳಿದಾಗ ನಿಮ್ಮಪ್ಪ ಏನಂದ? ಒಬ್ಬೊಬ್ಬರೇ ಒಳಗೆ ಬಂದು ಹೇಳಬೇಕು. ಉಳಿದವರು ಆಚೆ ಮೆಟ್ಟಿಲ ಹತ್ರ ಇರಿ. ಹೇಳಿ ಮುಗಿಸಿದವರು ಹಿಂದಿನ ಕೋಣೆಗೆ. ಒಬ್ಬರಿಗೊಬ್ಬರು ಹೇಳಿಕೊಡೋದು ನಡೆಯಲ್ಲ."

ಮಕ್ಕಳು ಮುಖ ಮುಖ ನೋಡಿಕೊಂಡರು. ಹಿರಿಯವನನ್ನು ಬಿಟ್ಟು ಉಳಿದವರು ಮೆಟ್ಟಿಲ ಹತ್ತಿರ ಹೋದರು.

ಹಿರಿಯ ಮಗ ಸ್ಟೂಲಿನ ಮೇಲೆ ನೆಲ ನೋಡುತ್ತ ಕೂತ. "ಸುಳ್ಳು ಹೇಳೋಕಾಗಲ್ಲ ಚಿಕ್ಕಪ್ಪ. ಅಪ್ಪ ಎದ್ದು ನಿಂತ್ರು, ಕುರ್ಚಿ ಬಿತ್ತು. ಹೋಗ್ಲಿ ಬಿಡಿ ಅವನು, ಅಂತ ಕೂಗಿದ್ರು. ಆಮೇಲೆ ಕೋರ್ಟೂ ಇಲ್ಲ, ಬೆಳಕೂ ಇಲ್ಲ. ಭಾನುವಾರದ ಊಟ ಅಂದ್ರೆ ಕತ್ತಲಲ್ಲೇ."

ವಕೀಲರು ತಲೆಯಾಡಿಸಿದರು. ಹೆದರಿದ್ದು ಇದಕ್ಕೇ. "ಮುಂದಿನ ಸಾಕ್ಷಿ," ಎಂದರು.

ನರ್ಸ್ ಬಂದಳು. "ಅಪ್ಪ ಎದ್ದೇ ಇಲ್ಲ, ಕೂತಲ್ಲೇ ಕೂಗಿದ್ರು. ಲೋ ಪುಟ್ಟಾ, ಊಟ ಮಾಡ್ಕೊಂಡು ಹೋಗೋ, ಅಂತ. ನಂಗೆ ಚೆನ್ನಾಗಿ ನೆನಪಿದೆ. ಅವರ ಮುಖ ಸರಿಯಾಗಿ ನೋಡಿದ್ದು ಅವತ್ತೇ ಕಡೆ. ಆಮೇಲೆ ಯಾವ ಭಾನುವಾರ ನೋಡಿದ್ರೂ ಇದೇ ಮಬ್ಬು."

ಗಣಿತದ ಮೇಷ್ಟರು ಬಂದರು. "ಅಪ್ಪ ಬಾಯೇ ಬಿಡಲಿಲ್ಲ. ಕೂಗಿದ್ದು ನಾನು. ನಿಮ್ಮನ್ನ ಬೈದೆ, ಅಪ್ಪ ನನ್ನ ಕಿವಿ ಹಿಂಡಿದ್ರು. ಅದು ಬಿಟ್ರೆ ಇನ್ನೊಂದು ಸಲ ಬೈಸ್ಕೊಂಡೆ, ಆ ಪರದೆ ಎತ್ತಿ ಕಟ್ಟಿದ್ದಕ್ಕೆ."

ಕೊನೆಗೆ ಗುಂಡಿ. "ಅಪ್ಪ ಕಿಟಕಿಗೆ ಓಡಿ ಬಗ್ಗಿ, ಛತ್ರಿ ಬಿಟ್ಟು ಹೋದ್ಯಲ್ಲೋ, ಅಂತ ಕೂಗಿದ್ರು."

"ಛತ್ರೀನಾ? ಅವತ್ತು ಸುಡುಬಿಸಿಲು. ನಾನು ಛತ್ರಿ ತಂದೇ ಇರಲಿಲ್ಲ!"

"ಅದೆಲ್ಲ ಗೊತ್ತಿಲ್ಲ. ನನ್ನ ಕಿವಿಯಾರೆ ಕೇಳಿದ್ದೀನಿ."

ವಕೀಲರು ಹಣೆಗೆ ಕೈ ಹಚ್ಚಿಕೊಂಡರು. ಒಬ್ಬ ಎದ್ದರು ಅನ್ನುತ್ತಾನೆ, ಒಬ್ಬಳು ಎದ್ದಿಲ್ಲ ಅನ್ನುತ್ತಾಳೆ. ಒಬ್ಬ ಬಾಯೇ ಬಿಡಲಿಲ್ಲ ಅನ್ನುತ್ತಾನೆ, ಇವಳಂತೂ ಇಲ್ಲದ ಛತ್ರಿಯನ್ನೇ ಹುಟ್ಟಿಸಿದ್ದಾಳೆ. ಇಂಥ ಸಾಕ್ಷಿಗಳನ್ನು ಅವರು ಅರೆಗಳಿಗೆಯಲ್ಲಿ ಕಟ್ಟೆಯಿಂದ ಇಳಿಸಿ ಮನೆಗೆ ಕಳಿಸುತ್ತಿದ್ದರು. ಕೇಸು ಬಿದ್ದುಹೋಯಿತು. ತಾವು ಸಾಯುವ ತನಕವೂ ಈ ಪ್ರಶ್ನೆ ಹೀಗೇ ಉಳಿಯುತ್ತದೆ ಎನಿಸಿ ಮುದುಕರಿಗೆ ಅಳು ಬಂದ ಹಾಗಾಯಿತು.

ಆಗ ಹಳೆಯ ಕಸುಬು ಒಳಗಿನಿಂದ ಅವರನ್ನು ಚುಚ್ಚಿತು. ಕತ್ತಲು ಅಂದ ಒಬ್ಬ. ಮಬ್ಬು ಅಂದಳು ಇನ್ನೊಬ್ಬಳು. ಪರದೆ ಅಂದ ಮೂರನೆಯವನು. ಇದನ್ನು ಯಾರೂ ಕೇಳಿರಲಿಲ್ಲ, ಹೇಳಿಕೊಡುವವರಂತೂ ಇರಲೇ ಇಲ್ಲ.

"ಗುಂಡಿ, ಈ ಪರದೆ ನನ್ನ ಕಾಲದಲ್ಲಿ ಇರಲಿಲ್ಲ ಅಲ್ವಾ?"

"ಇರಲಿಲ್ಲ. ನೀವು ಹೋದ ಮುಂದಿನ ಭಾನುವಾರ ಅಪ್ಪ ಹೊಲಿದು ಹಾಕಿದ್ರು."

"ಯಾಕೆ?"

"ಯಾಕೆ ಅಂದ್ರೆ? ನಿಮಗೇ ಅಲ್ವಾ! ಊಟದ ಹೊತ್ತಿಗೆ ಬಿಸಿಲು ನೇರ ಕಣ್ಣಿಗೆ ಹೊಡೆಯುತ್ತೆ ಅಂತ ಪ್ರತಿ ವಾರ ಗೊಣಗ್ತಿದ್ರಲ್ಲ ನೀವು. ಅವನು ಬಂದಾಗ ಇದಕ್ಕೂ ಒಂದು ಆಕ್ಷೇಪಣೆ ತೆಗೀತಾನೆ, ಅಂದ್ರು ಅಪ್ಪ. ಪ್ರತಿ ಭಾನುವಾರ ಅವರೇ ಇಳಿಬಿಡೋರು, ಯಾರಿಗೂ ಮುಟ್ಟೋಕೆ ಬಿಡ್ತಿರಲಿಲ್ಲ. ಆ ಕೈ ನಡುಗೋ ಕಾಲದಲ್ಲೂ."

ವಕೀಲರು ಎದ್ದರು. ಮೊಣಕಾಲಿನ ನೆನಪೂ ಇಲ್ಲದೆ ಕಿಟಕಿಯ ಹತ್ತಿರ ಹೋದರು. ಪರದೆಯ ಅಂಚಿನಲ್ಲಿ ಅಣ್ಣನ ಕೈಯ ಸಣ್ಣ, ಒತ್ತಾದ ಜೋಡಿ ಹೊಲಿಗೆ. ಅದನ್ನು ಮಗುಚಿ ನೋಡಿದರು. ಒಳಮುಖ ಇನ್ನೂ ನೀಲಿಯಾಗಿತ್ತು. ಬೀದಿಯ ಕಡೆಯ ಮುಖ ಬಿಸಿಲು ತಿಂದು ತಿಂದು ಬೂದಿಯ ಬಣ್ಣಕ್ಕೆ ತಿರುಗಿತ್ತು. ಎಷ್ಟು ಭಾನುವಾರಗಳ ಬಿಸಿಲೋ ಅದು. ಅವರು ಆ ಬಟ್ಟೆಯನ್ನು ಮುಖಕ್ಕೆ ಒತ್ತಿಕೊಂಡು ಮಗುವಿನಂತೆ ಅತ್ತರು.

ಮಕ್ಕಳು ಬಂದು ಸುತ್ತ ನಿಂತರು. ಮೇಷ್ಟರು ಮೆಲ್ಲಗೆ ಕೇಳಿದರು: "ಹಾಗಾದ್ರೆ ನಮ್ಮಲ್ಲಿ ಸುಳ್ಳು ಹೇಳಿದವರು ಯಾರು, ಚಿಕ್ಕಪ್ಪ?"

"ಯಾರೂ ಅಲ್ಲ ಕಣಯ್ಯ," ಎಂದರು ವಕೀಲರು ಮೂಗು ಒರೆಸಿಕೊಳ್ಳುತ್ತ. "ಹಾಳಾದವನು ನಿಮ್ಮಪ್ಪ ಇವತ್ತು ಇದ್ದಿದ್ರೆ ನನ್ನ ಬದುಕೋಕೆ ಬಿಡ್ತಿರಲಿಲ್ಲ. ನಾಲ್ಕು ಅಳತೆ, ನಾಲ್ಕು ಅಳತೆ, ಅಂತ ಕುಣೀತಿದ್ದ."

"ಅಂದ್ರೆ ಅಪ್ಪ ಕೇಸು ಗೆದ್ದ ಹಾಗಾ?" ಗುಂಡಿ ಆಸೆಯಿಂದ ಕೇಳಿದಳು.

"ಅಷ್ಟು ಸುಲಭಕ್ಕಾ? ನಿಮ್ಮಪ್ಪನ ಪರದೆ ನನ್ನ ಕೈಯಲ್ಲಿದೆ. ಆ ಪುಸ್ತಕದ ಪರದೆ ಎಲ್ಲಿದೆಯೋ ನಂಗಿನ್ನೂ ಸಿಕ್ಕಿಲ್ಲ. ಅದು ಮುಂದಿನ ವಾರಕ್ಕೆ."

ಮುಂದಿನ ವಾರ ಆ ಮೇಜೂ ಇರುವುದಿಲ್ಲ, ಕೋಣೆಯೂ ಇರುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಊಟಕ್ಕೆ ಕೂತರು. ಹಿರಿಯ ಮಗ ತಲೆ ಬಗ್ಗಿಸಿ ಪ್ರಾರ್ಥನೆ ಮಾಡಿದ. ದನಿ ಥೇಟ್ ಅವನಪ್ಪನದೇ. ಕೊನೆಗೆ ಒಂದು ಗಳಿಗೆ ತಡವರಿಸಿ ಅಂದ: "ಅಪ್ಪ ಅಮ್ಮನ್ನ ಮತ್ತೆ ನೋಡೇ ನೋಡ್ತೀವಿ."

ನಾಲ್ವರೂ ಕಣ್ಣು ತೆರೆದು ಚಿಕ್ಕಪ್ಪನ ಕಡೆ ನೋಡಿದರು.

ಮುದುಕರು ಅಣ್ಣನ ಖಾಲಿ ಕುರ್ಚಿಯನ್ನೂ ಅತ್ತಿಗೆಯ ಖಾಲಿ ಕುರ್ಚಿಯನ್ನೂ ನೋಡಿದರು. ಕೈ ಚಾಚಿ ಬ್ರೆಡ್ಡು ಮುರಿದು ಗುಂಡಿಯ ತಟ್ಟೆಗೆ ಹಾಕಿದರು.

"ಆಕ್ಷೇಪಣೆ ಇಲ್ಲ," ಎಂದರು.