ಓಡಾಡುವ ಕಲೆ

ಒಗೆಯುವುದು ಹೆಂಡತಿ, ಇಸ್ತ್ರಿ ಮಾಡುವುದು ಗಂಡ. ಲಾಂಡ್ರಿ ತೆರೆದಾಗಿನಿಂದ ಒಬ್ಬರ ಕೆಲಸದಲ್ಲಿ ಇನ್ನೊಬ್ಬರು ಮೂಗು ತೂರಿಸಿದ್ದಿಲ್ಲ. ಆದರೆ ಆ ವಾರ ಇಸ್ತ್ರಿ ಮೇಜಿನಿಂದ ಬಿಳಿ ಚಾದರಗಳು ಒಂದರ ಹಿಂದೊಂದು ಒಗೆಯುವ ಕೋಣೆಗೆ ವಾಪಸು ಬರತೊಡಗಿದವು.

"ಮತ್ತೆ ಕಲೆ ಉಳಿದಿದೆ ಕಣೇ."

"ಎಲ್ಲಿ, ಬೆರಳಿಟ್ಟು ತೋರ್ಸಿ ನೋಡೋಣ."

ಅವನು ಬೆರಳಿಡಲು ಹೋದರೆ ಕಲೆ ಜಾರಿಕೊಂಡು ಅಂಚಿಗೆ ಓಡಿತು. ಹೆಂಡತಿಗೆ ರೇಗಿತು. "ನನ್ನ ಕೆಲಸಕ್ಕೆ ಹೆಸರಿಡೋಕೆ ಬೇರೆ ನೆಪ ಸಿಗ್ಲಿಲ್ವಾ?" ಎಂದು ಚಾದರ ಕಸಿದುಕೊಂಡು ಹೋದಳು.

ಅವನಿಗೆ ಅನ್ನ ಸೇರಲಿಲ್ಲ. ಗೋಡೆ ನೋಡಿದರೂ, ಆಕಾಶ ನೋಡಿದರೂ ಅದೇ ಚುಕ್ಕೆ, ಅದೇ ನೂಲಿನೆಳೆ. ಕಣ್ಣೇ ಹೋದರೆ ಇಸ್ತ್ರಿಪೆಟ್ಟಿಗೆ ಹಿಡಿಯುವುದು ಹೇಗೆ? ಆ ಭಯವನ್ನು ಬಾಯಿಬಿಟ್ಟು ಹೇಳಲಾರದೆ ತಪ್ಪನ್ನೆಲ್ಲ ಅವಳ ಸಾಬೂನಿನ ಮೇಲೆ ಹೊರಿಸಿದ. ಗಂಡಸರ ಧೈರ್ಯ ಅಂದರೆ ಇಷ್ಟೇ ತಾನೆ!

ಮರುದಿನ ಅವನು ಖಾಲಿ ಗೋಡೆಯತ್ತ ಬೆರಳಾಡಿಸುತ್ತಿದ್ದುದು ಅವಳ ಕಣ್ಣಿಗೆ ಬಿತ್ತು. ಕೋಪ ಜರ್ರನೆ ಇಳಿಯಿತು. ಶಟರ್ ಎಳೆದು ಅವನನ್ನು ಕಣ್ಣಾಸ್ಪತ್ರೆಗೆ ಕರೆದೊಯ್ದಳು.

ಡಾಕ್ಟರಮ್ಮ ಕಣ್ಣಿಗೆ ಹನಿ ಹಾಕಿ, ದೀಪ ಬಿಟ್ಟು ನೋಡಿದರು. "ಕಣ್ಣೊಳಗೆ ಗಂಜಿ ತಿಳಿ ಥರ ಒಂದು ದ್ರವ ಇರುತ್ತೆ. ವಯಸ್ಸಾದ್ರೆ ಅದರಲ್ಲಿ ಎಳೆಗಳು ಗಂಟು ಕಟ್ಕೊಳ್ತವೆ. ನಿಮಗೆ ಕಾಣೋದು ಅವುಗಳ ನೆರಳು. ಕಣ್ಣಿನ ಒಳಪದರ ಏನೂ ಹರಿದಿಲ್ಲ, ಗಾಬರಿ ಬೇಡ."

"ತೆಗೆದುಬಿಡಿ ಡಾಕ್ಟ್ರೇ."

"ಲೇಸರ್ ಇದೆ, ಆಪರೇಷನ್ ಇದೆ. ಅವುಗಳಲ್ಲೂ ಅಪಾಯ ಇದೆ. ತೀರಾ ಕಾಟ ಕೊಟ್ರೆ ಮಾತ್ರ ಯೋಚಿಸೋಣ. ಬರ್ತಾ ಬರ್ತಾ ನಿಮಗೇ ಅಭ್ಯಾಸ ಆಗುತ್ತೆ. ಆದ್ರೆ ಕಣ್ಣಲ್ಲಿ ಮಿಂಚು ಹೊಡೆದ್ರೆ, ಚುಕ್ಕೆ ಒಮ್ಮೆಲೇ ಜಾಸ್ತಿ ಆದ್ರೆ, ಪರದೆ ಎಳೆದಂಗೆ ಕತ್ತಲಾದ್ರೆ ಅವತ್ತೇ ಓಡಿ ಬನ್ನಿ."

ಅವನಿಗೆ ಹೋದ ಜೀವ ಬಂದಂತಾಯಿತು.

ಅಂದಿನಿಂದ ಲಾಂಡ್ರಿಯಲ್ಲಿ ಹೊಸ ಪದ್ಧತಿ. ಕಲೆ ಕಂಡರೆ ಅವನು ಮೊದಲು ಕಣ್ಣು ಹೊರಳಿಸುತ್ತಾನೆ. ಓಡಿದರೆ ಅದು ಅವನದು, ನಿಂತರೆ ಅವಳದು. ಓಡುವುದೇ ಹೆಚ್ಚು, ನಗುವೂ ಹೆಚ್ಚು.

ಒಂದು ಬೆಳಿಗ್ಗೆ ಕಲೆಯೊಂದು ಜಪ್ಪಯ್ಯ ಅಂದರೂ ಕದಲಲಿಲ್ಲ. ಅವನು ಕಣ್ಣು ಹೊರಳಿಸುವುದನ್ನು ಕಂಡು ಹೆಂಡತಿ ಒಳಗಿನಿಂದಲೇ ಕೂಗಿದಳು. "ಏನ್ರೀ, ಓಡ್ತಾ ಇದ್ಯಾ?"

ಸುಮ್ಮಸುಮ್ಮನೆ ಅವಳ ಕೈಯಲ್ಲಿ ಎರಡೆರಡು ಸಲ ಒಗೆಸಿದ ಚಾದರಗಳೆಲ್ಲ ಅವನಿಗೆ ನೆನಪಾದವು.

"ಓಡ್ತಿದೆ ಕಣೇ," ಎಂದ. ಆಮೇಲೆ ಸದ್ದು ಮಾಡದೆ ಚಾದರ ಎತ್ತಿಕೊಂಡು, ಅಂಗಡಿ ಮುಂದಿನ ನಲ್ಲಿಯ ಕೆಳಗೆ ತಾನೇ ಉಜ್ಜತೊಡಗಿದ.